ಬಟ್ಟಲು ಅದೇ ಇರಲಿ, ಗಂಜಿ ಗಟ್ಟಿಯಾಗಲಿ

ತೂಕ ಏರದ ಪುಟ್ಟ ಮಕ್ಕಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ ಈ ತಿಂಗಳು 2 ವರ್ಷ ತುಂಬಿತು. ಅಂಗನವಾಡಿಯಲ್ಲಿ ತೂಕ ಮಾಡಿದಾಗ 9 ಕಿಲೋ 200 ಗ್ರಾಂ ಬಂತು. ‘ತೂಕ ಕಡಿಮೆ ಐತಿ, ಚೆನ್ನಾಗಿ ತಿನ್ನಿಸ್ರಿ’ ಅಂದ್ರು. ದಿನಕ್ಕೆ ಮೂರು ಸಲ ರಾಗಿ ಗಂಜಿ ಕುಡೀತಾನೆ, ಮಧ್ಯೆ ನಾಲ್ಕು ಬಿಸ್ಕತ್ತು, ಮಧ್ಯಾಹ್ನ ಅನ್ನ–ತಿಳಿಸಾರು. ಹೊಟ್ಟೆ ತುಂಬಾ ತಿಂದರೂ ಯಾಕೆ ಮೈ ಹಿಡೀತಿಲ್ಲ?
— ಒಬ್ಬ ತಾಯಿ, ಜಗಳೂರು

ಉತ್ತರ: ಅಂಗನವಾಡಿಯವರು ಹೇಳಿದ್ದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ 2 ವರ್ಷದ ಗಂಡುಮಗುವಿನ ಮಧ್ಯಮ ತೂಕ 12.2 ಕಿಲೋ. 9.7 ಕಿಲೋಗಿಂತ ಕೆಳಗಿದ್ದರೆ ಕಡಿಮೆ ತೂಕ, 8.6ಕ್ಕಿಂತ ಕೆಳಗಿದ್ದರೆ ತೀವ್ರ ಕಡಿಮೆ ತೂಕ. ನಿಮ್ಮ ಮಗ ಮೊದಲ ಗೆರೆಯ ಕೆಳಗಿದ್ದಾನೆ, ಎರಡನೆಯದರ ಮೇಲಿದ್ದಾನೆ. ಮನೆಯ ಅಡುಗೆಯಿಂದಲೇ ಸರಿಪಡಿಸಲು ಇನ್ನೂ ಅವಕಾಶವಿದೆ.

ಹೊಟ್ಟೆ ತುಂಬುತ್ತಿದೆ ಎಂಬ ನಿಮ್ಮ ಮಾತೂ ನಿಜವೇ. ಪುಟ್ಟ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ. ನಿಮ್ಮ ಮಗನಿಗೆ ಅದು ಕಾಲು ಲೀಟರಿಗಿಂತ ತುಸು ಹೆಚ್ಚು, ಅಷ್ಟೇ. ಒಂದು ಚಮಚ ಹಿಟ್ಟನ್ನು ಒಂದು ಲೋಟ ನೀರಿಗೆ ಕದಡಿ ಕುದಿಸಿದ ಗಂಜಿ ಆ ಜಾಗವನ್ನು ಪೂರ್ತಿ ತುಂಬಿಸಿಬಿಡುತ್ತದೆ, ಆದರೆ ಅದರಲ್ಲಿರುವುದು ಬರೀ 35 ಕ್ಯಾಲೊರಿ. ಮೂರು ಸಲದ ಗಂಜಿ, ನಾಲ್ಕು ಬಿಸ್ಕತ್ತು, ಒಂದು ಬಟ್ಟಲು ಅನ್ನ ಎಲ್ಲ ಕೂಡಿಸಿದರೂ 400 ದಾಟುವುದು ಕಷ್ಟ. ಈ ವಯಸ್ಸಿಗೆ ದಿನಕ್ಕೆ ಸುಮಾರು 1000 ಬೇಕು, ಹಿಂದೆ ಬಿದ್ದ ತೂಕ ಹಿಡಿಯಲು ಇನ್ನೂ 200 ಬೇಕು. ಮಗ ಉಣ್ಣುವುದರಲ್ಲಿ ತಪ್ಪಿಲ್ಲ. ಬಟ್ಟಲಿನೊಳಗೆ ನೀರು ಹೆಚ್ಚಾಗಿದೆ.

ಹಾಗಾಗಿ ಬಟ್ಟಲು ದೊಡ್ಡದು ಮಾಡಬೇಡಿ. ಅದೇ ಬಟ್ಟಲನ್ನು ಗಟ್ಟಿ ಮಾಡಿ. ಮೊಳಕೆ ರಾಗಿ ಹಿಟ್ಟು ತುಂಬಿದ ಮೂರು ದೊಡ್ಡ ಚಮಚ (ಸುಮಾರು 30 ಗ್ರಾಂ) ತೆಗೆದುಕೊಳ್ಳಿ. ಅದನ್ನು 50 ಮಿಲಿ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, 150 ಮಿಲಿ ಹಾಲು ಸೇರಿಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿ ಬರಿಸಿ, ಆಮೇಲೆ 5 ನಿಮಿಷ ಬೇಯಿಸಿ. ಇಳಿಸಿದ ಮೇಲೆ ಹುರಿದು ನುಣ್ಣಗೆ ಪುಡಿ ಮಾಡಿದ ಶೇಂಗಾ ಒಂದು ದೊಡ್ಡ ಚಮಚ, ತುಪ್ಪ ಒಂದು ಚಿಕ್ಕ ಚಮಚ, ಬೆಲ್ಲ ಒಂದು ಚಿಕ್ಕ ಚಮಚ ಬೆರೆಸಿ. ರಾಗಿಯಿಂದ 100, ಹಾಲಿನಿಂದ 100, ತುಪ್ಪದಿಂದ 45, ಶೇಂಗಾದಿಂದ 50, ಬೆಲ್ಲದಿಂದ 20 ಸೇರಿ ಸುಮಾರು 300 ಕ್ಯಾಲೊರಿ ಆಗುತ್ತದೆ. ಹಿಂದಿನ ಗಂಜಿಗೆ ಹೋಲಿಸಿದರೆ ಎಂಟು ಪಟ್ಟಿಗೂ ಹೆಚ್ಚು, ಹೊಟ್ಟೆಯಲ್ಲಿ ಹಿಡಿಯುವ ಜಾಗ ಮಾತ್ರ ಅಷ್ಟೇ.

ಮಧ್ಯಾಹ್ನ ತಿಳಿಸಾರು ಬೇಡ. ಬೇಳೆಯ ಕಟ್ಟು ಕುಡಿಸಿದರೆ ಶಕ್ತಿ ಬರುತ್ತದೆ ಎಂದು ನಮ್ಮ ಕಡೆ ಬಲವಾದ ನಂಬಿಕೆಯಿದೆ. ಕಟ್ಟಿನಲ್ಲಿ ರುಚಿ ಇರುತ್ತದೆ, ಬೇಳೆಯ ಸತ್ವವೆಲ್ಲ ಪಾತ್ರೆಯ ತಳದಲ್ಲಿ ಉಳಿದಿರುತ್ತದೆ. ಎರಡು ಪಾಲು ಅನ್ನಕ್ಕೆ ಒಂದು ಪಾಲು ಬೆಂದ ಗಟ್ಟಿ ಬೇಳೆ, ಒಂದು ಹಿಡಿ ಬೇಯಿಸಿ ಅರೆದ ಸೊಪ್ಪು, ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಹಾಕಿ ಕಿವುಚಿ ಕೊಡಿ. ಮುದ್ದೆ ಕೊಡುವುದಾದರೆ ಸೊಪ್ಪು–ಬೇಳೆಯ ಗಟ್ಟಿ ಪಾಲಿನಲ್ಲಿ ಅದ್ದಿ ಕೊಡಿ. ಜೋಳದ ರೊಟ್ಟಿ ಮಾಡುವ ಮನೆಯಾದರೆ ಬಿಸಿ ರೊಟ್ಟಿ ಮುರಿದು ಹಾಲಲ್ಲೋ ಗಟ್ಟಿ ಬೇಳೆಯಲ್ಲೋ ಹತ್ತು ನಿಮಿಷ ನೆನೆಸಿ ಹಿಸುಕಿದರೆ ಸಾಕು.

ಬಿಸ್ಕತ್ತಿನ ಹೊತ್ತಿಗೆ ಬಾಳೆಹಣ್ಣು ಹಿಸುಕಿ ಗಟ್ಟಿ ಮೊಸರು ಬೆರೆಸಿ ಕೊಡಿ, ಇಲ್ಲವೆ ಬೇಯಿಸಿದ ಮೊಟ್ಟೆ ಕೊಡಿ. ಸಪೋಟ, ಬೇಯಿಸಿದ ಗೆಣಸು ಕೂಡ ಒಳ್ಳೆಯವು. ಬೆಳಿಗ್ಗೆ 8ಕ್ಕೆ, 11ಕ್ಕೆ, ಮಧ್ಯಾಹ್ನ 1.30ಕ್ಕೆ, ಸಂಜೆ 4.30ಕ್ಕೆ, ರಾತ್ರಿ 7.30ಕ್ಕೆ ಎಂದು ಐದು ಹೊತ್ತು ಮಾಡಿಕೊಳ್ಳಿ. ಎದೆಹಾಲು ಇನ್ನೂ ಕುಡಿಯುತ್ತಿದ್ದರೆ ಬಿಡಿಸಬೇಡಿ, ಊಟವಾದ ಮೇಲೆ ಕೊಡಿ.

ಈ ವಯಸ್ಸಿನಲ್ಲಿ ತಿಂಗಳಿಗೆ 170ರಿಂದ 200 ಗ್ರಾಂ ಏರುವುದು ಸಹಜ. ನಿಮ್ಮ ಮಗನಿಗೆ 300 ಗ್ರಾಂ ಏರಿದರೆ ಹಿಂದೆ ಬಿದ್ದದ್ದನ್ನು ಹಿಡಿಯುತ್ತಿದ್ದಾನೆ ಎಂದು ತಿಳಿಯಿರಿ. ವಾರ ವಾರ ತೂಗಿ ಗಾಬರಿಯಾಗಬೇಡಿ. ಮೂತ್ರ ಮಾಡಿದ್ದಕ್ಕೆ, ನೀರು ಕುಡಿದಿದ್ದಕ್ಕೆಲ್ಲ 200 ಗ್ರಾಂ ಆಚೀಚೆ ಆಗುತ್ತದೆ. ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ, ತೆಳು ಬಟ್ಟೆಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಪ್ರಶ್ನೆ: ಮೊಳಕೆ ರಾಗಿ ಹಿಟ್ಟು ಮನೆಯಲ್ಲೇ ಮಾಡಿದರೆ ಒಮ್ಮೆ ಹುಳಿ ವಾಸನೆ, ಇನ್ನೊಮ್ಮೆ ಹುಳ. ಗಂಜಿಯೂ ಸಾದಾ ಹಿಟ್ಟಿನ ಹಾಗೆ ಮುದ್ದೆ ಕಟ್ಟುತ್ತೆ. ಎಲ್ಲಿ ತಪ್ಪುತ್ತಿದೆ?
— ಗೃಹಿಣಿ, ಹೊಸದುರ್ಗ

ಉತ್ತರ: ಮೂರೂ ತೊಂದರೆಗಳ ಕಾರಣ ಬೇರೆ ಬೇರೆ.

ಒಂದು ಕಿಲೋ ರಾಗಿಯನ್ನು ನಾಲ್ಕೈದು ನೀರಲ್ಲಿ ತೊಳೆದು, ಕಲ್ಲು ಗಾಳಿಸಿ, ತೇಲುವ ಜೊಳ್ಳು ತೆಗೆದು, ರಾತ್ರಿ 8–10 ಗಂಟೆ ನೆನೆಸಿ. ಬೆಳಿಗ್ಗೆ ನೀರು ಪೂರ್ತಿ ಬಸಿದು, ಒಂದು ಗಂಟೆ ಜರಡಿಯಲ್ಲೇ ಬಿಟ್ಟು, ಆಮೇಲೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಬಟ್ಟೆಯಿಂದ ನೀರು ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಒಳಗಿನ ಕಾಳಿಗೆ ಗಾಳಿಯಾಡದೆ ಹುಳಿಯುತ್ತದೆ. ನಿಮ್ಮ ಹುಳಿ ವಾಸನೆಯ ಮೂಲ ಇದೇ. ಮುಟ್ಟಿದರೆ ಲೋಳೆಯಾಗಿದ್ದರೆ, ಬೂಸ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ. ಒಣಗಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ.

ಬೇಸಿಗೆಯಲ್ಲಿ ಒಂದು ಹಗಲು ಒಂದು ರಾತ್ರಿ ಸಾಕು, ಚಳಿಗಾಲದಲ್ಲಿ ಎರಡು ದಿನ ಹಿಡಿಯಬಹುದು. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಕಾಲು ಅಂಗುಲ ಮೊಳಕೆ ಬಂದಾಗ ತೆಳುವಾಗಿ ಹರಡಿ, ಬಾಯಲ್ಲಿ ಕಡಿದರೆ ಕಟಕ್ಕೆನ್ನುವವರೆಗೆ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಉದುರಿಸಿ, ಕೇರಿ. ಅರೆಬರೆ ಒಣಗಿದ್ದನ್ನು ಬೀಸಿಸಿದರೆ ಹುಳ ಬೀಳುತ್ತದೆ. ಗಿರಣಿಯಿಂದ ಬಂದ ಹಿಟ್ಟು ಬಿಸಿಯಿರುತ್ತದೆ. ಅದನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದರೂ ಒಳಗೆ ಬೆವರಿ ಗಂಟುಕಟ್ಟುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ತುಂಬಿ. ತಿಂಗಳಿಗೆ ಸಾಕಾಗುವಷ್ಟೇ ಮಾಡಿ.

ಈಗ ಮುದ್ದೆ ಕಟ್ಟುವ ವಿಷಯ. ಮೊಳಕೆ ಬರುವಾಗ ಕಾಳಿನಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವ ಹುಟ್ಟುತ್ತದೆ. ಅದರಿಂದಲೇ ಮೊಳಕೆ ಹಿಟ್ಟಿನ ಗಂಜಿ, ಹಿಟ್ಟು ಹೆಚ್ಚು ಹಾಕಿದರೂ ಕುಡಿಯುವ ಹದದಲ್ಲಿ ಇರುತ್ತದೆ. ಹೊಟ್ಟೆ ಚಿಕ್ಕದಿರುವ ಮಗುವಿಗೆ ಇದು ದೊಡ್ಡ ಅನುಕೂಲ. ಆದರೆ ಆ ಕಿಣ್ವ ಹೆಚ್ಚಿನ ಕಾವು ತಾಳದು. ಘಮ ಬರಲಿ ಎಂದು ಕೆಂಪಗೆ ಹುರಿದರೆ ಸಾಯುತ್ತದೆ, ಕುದಿಯುವ ನೀರಿಗೆ ಹಿಟ್ಟು ಸುರಿದರೂ ಸಾಯುತ್ತದೆ. ಆದ್ದರಿಂದ ಬಿಸಿಲಲ್ಲಿ ಒಣಗಿಸಿ, ಬೇಕೆಂದರೆ ಸಣ್ಣ ಉರಿಯಲ್ಲಿ ಕೈಗೆ ಬೆಚ್ಚಗಾಗುವಷ್ಟು ಮಾತ್ರ ಹುರಿಯಿರಿ. ಗಂಜಿಗೆ ತಣ್ಣೀರಲ್ಲಿ ಕದಡಿ ನಿಧಾನ ಬಿಸಿ ಮಾಡಿ. ಬಿಸಿಯೇರುವ ಆ ನಾಲ್ಕೈದು ನಿಮಿಷದಲ್ಲೇ ಕಿಣ್ವ ಕೆಲಸ ಮಾಡುವುದು. ಆಮೇಲೆ ಚೆನ್ನಾಗಿ ಕುದಿಸಲೇಬೇಕು, ಮೊಳಕೆ ಹಿಟ್ಟನ್ನು ಹಸಿಯಾಗಿ ಕೊಡಬಾರದು.

ಶೇಂಗಾ ಪುಡಿಯನ್ನು ಇದೇ ಡಬ್ಬಿಗೆ ಬೆರೆಸಿಡಬೇಡಿ, ಎರಡು ವಾರದಲ್ಲಿ ಕಮಟು ವಾಸನೆ ಬರುತ್ತದೆ. ಪುಟಾಣಿ (ಹುರಿಗಡಲೆ) ಬೆರೆಸಬಹುದು. ಮೂರು ಪಾಲು ರಾಗಿಗೆ ಒಂದು ಪಾಲು ಪುಟಾಣಿ ಒಳ್ಳೆಯ ಅಳತೆ.

ಪ್ರಶ್ನೆ: ನಮ್ಮ ಹೊಲದಲ್ಲೇ ಶೇಂಗಾ ಬೆಳೀತೀವಿ. ಒಂದೂವರೆ ವರ್ಷದ ಮಗಳಿಗೆ ಕೊಡಬಹುದಾ? ಉಷ್ಣ ಆಗುತ್ತೆ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಮನೇಲಿ ಬೇಡ ಅಂತಾರೆ.
— ರೈತ, ಚಳ್ಳಕೆರೆ ತಾಲ್ಲೂಕು

ಉತ್ತರ: ಗಂಟಲಿಗೆ ಸಿಕ್ಕಿಕೊಳ್ಳುವ ಭಯ ನೂರಕ್ಕೆ ನೂರು ಸರಿ. ಇಡೀ ಕಾಳು, ಅರ್ಧ ಕಾಳು ಯಾವುದನ್ನೂ 5 ವರ್ಷದವರೆಗೆ ಕೊಡಬೇಡಿ. ಉಸಿರು ನಾಳಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಆದರೆ ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ಗಂಜಿಗೋ ಅನ್ನಕ್ಕೋ ಬೆರೆಸಿದರೆ ಚಳ್ಳಕೆರೆಯ ಮಗುವಿಗೆ ಇದಕ್ಕಿಂತ ಅಗ್ಗದ, ಬಲವಾದ ಆಹಾರ ಇನ್ನೊಂದಿಲ್ಲ. ಎರಡು ದೊಡ್ಡ ಚಮಚ ಪುಡಿಯಲ್ಲಿ ಸುಮಾರು 100 ಕ್ಯಾಲೊರಿ, 4 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಒಣ ಪುಡಿಯನ್ನು ಹಾಗೇ ಬಾಯಿಗೆ ಹಾಕಬೇಡಿ, ಅದೂ ಗಂಟಲಿಗೆ ಅಂಟುತ್ತದೆ.

ಮೊದಲ ದಿನ ಚಿಟಿಕೆಯಷ್ಟು ಕೊಟ್ಟು ಎರಡು ಗಂಟೆ ಗಮನಿಸಿ. ಮೈಮೇಲೆ ದದ್ದು, ತುಟಿ ಊತ, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮಗುವಿಗೆ ಈಗಾಗಲೇ ತೀವ್ರ ಚರ್ಮದ ಕಜ್ಜಿ ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಿ.

ಉಷ್ಣದ ಮಾತಿಗೆ ಮನೆಯ ಹಿರಿಯರ ಜೊತೆ ಜಗಳ ಬೇಡ. ಬೇಸಿಗೆಯಲ್ಲಿ ಮಕ್ಕಳಿಗೆ ಏಳುವ ಬೆವರುಗುಳ್ಳೆಗೆ ಕಾರಣ ಸೆಕೆ ಮತ್ತು ಬಿಗಿ ಬಟ್ಟೆ, ಶೇಂಗಾ ಅಲ್ಲ. ಹಿರಿಯರ ಸಮಾಧಾನಕ್ಕೆ ಮಜ್ಜಿಗೆ ಅನ್ನದಲ್ಲಿ ಬೆರೆಸಿ ಕೊಡಿ, ಮಗುವಿಗೂ ಅದು ಇಷ್ಟವಾಗುತ್ತದೆ.

ಬೆಳೆಗಾರರಾದ ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ಮಾರಾಟಕ್ಕೆ ಒಳ್ಳೆಯದನ್ನು ಕಳಿಸಿ, ಮುರುಟಿದ, ಮಳೆಗೆ ನೆಂದ ಕಾಯನ್ನು ಮನೆಗೆ ಇಟ್ಟುಕೊಳ್ಳುವುದುಂಟು. ಅಂಥ ಕಾಳಿನಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಯಕೃತ್ತಿಗೆ ಹಾನಿ ಮಾಡುವ ಆ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಕಪ್ಪಾದ, ಸುಕ್ಕಾದ, ಕಹಿ ಕಾಳನ್ನು ಆರಿಸಿ ಎಸೆಯಿರಿ. ಮಗುವಿನ ಪಾಲಿಗೆ ಮೊದಲ ದರ್ಜೆಯ ಕಾಳು ಎತ್ತಿಡಿ.

ಪ್ರಶ್ನೆ: ಮೊಮ್ಮಗಳಿಗೆ 3 ವರ್ಷ, 12 ಕಿಲೋ 400 ಗ್ರಾಂ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಗುಂಡುಗುಂಡಗೆ 17 ಕಿಲೋ ಇದ್ದಾನೆ. ನಮ್ಮದು ಕಡ್ಡಿ ಹಾಗಿದೆ. ದಿನಾ ಬೆಣ್ಣೆದೋಸೆ ತಿನ್ನಿಸಿದರೆ ದಪ್ಪ ಆಗುತ್ತಾಳಾ?
— ಅಜ್ಜಿ, ದಾವಣಗೆರೆ

ಉತ್ತರ: ಅಜ್ಜಿಯವರೇ, ನಿಮ್ಮ ಮೊಮ್ಮಗಳ ತೂಕ ಸರಿಯಾಗಿಯೇ ಇದೆ. 3 ವರ್ಷದ ಹೆಣ್ಣುಮಗುವಿನ ಮಧ್ಯಮ ತೂಕ 13.9 ಕಿಲೋ, 10.8ಕ್ಕಿಂತ ಕೆಳಗಾದರೆ ಮಾತ್ರ ಕಡಿಮೆ ತೂಕ. ನಡೆಯಲು ಕಲಿತ ಮೇಲೆ ಮಕ್ಕಳ ಮೈ ಉದ್ದವಾಗುತ್ತದೆ, ಕೆನ್ನೆಯ ಕೊಬ್ಬು ಇಳಿಯುತ್ತದೆ. ಅಪ್ಪ–ಅಮ್ಮ ಸಣಕಲು ಮೈಯವರಾದರೆ ಮಗುವೂ ಹಾಗೇ ಇರಬಹುದು. ತಾಯಿ ಕಾರ್ಡಿನ ಗೆರೆ ಮೇಲಕ್ಕೇ ಹೋಗುತ್ತಿದ್ದರೆ, ಓಡಾಡಿ ಆಡುತ್ತಿದ್ದರೆ ಚಿಂತೆ ಬೇಡ. 17 ಕಿಲೋದ ಜೊತೆ ಹೋಲಿಸಿ ಅವಳೆದುರು ಮಾತಾಡಬೇಡಿ. ಅವಳಿಗೆ ಅರ್ಥವಾಗುತ್ತದೆ.

ಬೆಣ್ಣೆದೋಸೆ ನಮ್ಮೂರಿನ ಹೆಮ್ಮೆ, ಅಪರೂಪಕ್ಕೆ ತಿನ್ನಲಿ. ದಿನಾ ಬೇಕೆಂದರೆ ಮನೆಯ ಹಿಟ್ಟಿನಲ್ಲಿ ಪುಟ್ಟ ದೋಸೆ ಹುಯ್ದು ಒಂದು ಚಮಚ ಬೆಣ್ಣೆ ಸವರಿ, ಖಾರವಿಲ್ಲದ ಶೇಂಗಾ ಚಟ್ನಿ ಕೊಡಿ. ಸಂಜೆಯ ಮಂಡಕ್ಕಿಯ ಬಗ್ಗೆ ಮಾತ್ರ ಎಚ್ಚರ. ಒಂದು ದೊಡ್ಡ ಬಟ್ಟಲು ಮಂಡಕ್ಕಿ 20 ಗ್ರಾಂ ತೂಗುವುದೂ ಕಷ್ಟ. ಹೊಟ್ಟೆ ಉಬ್ಬಿಸಿ ರಾತ್ರಿಯ ಊಟ ಕೆಡಿಸುತ್ತದೆ. ಕೊಡುವುದಾದರೆ ನೆನೆಸಿ ಹಿಂಡಿ, ಮೆಣಸಿನಕಾಯಿ ಇಲ್ಲದ ಒಗ್ಗರಣೆಗೆ ಹಾಕಿ, ಎರಡು ದೊಡ್ಡ ಚಮಚ ಪುಟಾಣಿ ಪುಡಿ, ಒಂದು ಚಮಚ ಶೇಂಗಾ ಪುಡಿ ಉದುರಿಸಿ. ಒಗ್ಗರಣೆಯಲ್ಲಿ ಇಡೀ ಶೇಂಗಾ ಇರದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗ ಊಟ ಮುಟ್ಟುವುದಿಲ್ಲ. ದಿನಕ್ಕೆ ಒಂದು ಲೀಟರ್ ಹಾಲು ಕುಡಿಯುತ್ತಾನೆ, ಅದಕ್ಕೆ ಜಾಹೀರಾತಿನಲ್ಲಿ ಬರುವ ಡಬ್ಬಿ ಪುಡಿ ಹಾಕುತ್ತೇವೆ. ಔಷಧಿ ಅಂಗಡಿಯಲ್ಲಿ ಹಸಿವಿನ ಸಿರಪ್ ಕೊಟ್ಟರು. ವಯಸ್ಸು ಎರಡೂವರೆ.
— ತಂದೆ, ಹರಿಹರ

ಉತ್ತರ: ಊಟ ಸೇರದಿರುವುದಕ್ಕೆ ಕಾರಣ ಆ ಒಂದು ಲೀಟರ್ ಹಾಲೇ. ಹೊಟ್ಟೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹೀಗಾಗಿ ಹಾಲನ್ನೇ ನೆಚ್ಚಿದ ಮಕ್ಕಳಿಗೆ ರಕ್ತಹೀನತೆ ಬರುತ್ತದೆ. ರಕ್ತಹೀನತೆ ಬಂದರೆ ಹಸಿವು ಇನ್ನೂ ಸಾಯುತ್ತದೆ. ಆಗ ಮನೆಯವರು ‘ಹಾಲನ್ನಾದರೂ ಕುಡಿಯಲಿ’ ಎನ್ನುತ್ತಾರೆ. ಈ ಸುತ್ತು ಮುರಿಯಲೇಬೇಕು. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಹಾಲನ್ನು 400–500 ಮಿಲಿಗೆ ಇಳಿಸಿ, ಒಂದೇ ದಿನಕ್ಕಲ್ಲ, ಎರಡು ವಾರದಲ್ಲಿ. ಬಾಟಲಿ ಬಿಡಿಸಿ ಲೋಟಕ್ಕೆ ಬನ್ನಿ. ಊಟಕ್ಕೆ ಮುಂಚೆ ಕೊಡಬೇಡಿ, ಊಟದ ನಂತರ ಕೊಡಿ. ಎಮ್ಮೆ ಹಾಲಾದರೂ ನೀರು ಬೆರೆಸುವ ಅಗತ್ಯವಿಲ್ಲ. ಮಗುವಿಗೆ ಚಹಾ ಅಭ್ಯಾಸವಿದ್ದರೆ ನಿಲ್ಲಿಸಿ. ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ.

ಡಬ್ಬಿಯ ಹಿಂಬದಿಯ ಪಟ್ಟಿ ಓದಿ, ಸಕ್ಕರೆ ಎಷ್ಟಿದೆ ನೋಡಿ. ಅದೇ ದುಡ್ಡಿಗೆ ತಿಂಗಳಿಡೀ ಬೇಳೆ, ಶೇಂಗಾ, ಮೊಟ್ಟೆ ಬರುತ್ತದೆ. ಹಸಿವಿನ ಸಿರಪ್‌ಗಳಲ್ಲಿ ಹೆಚ್ಚಾಗಿ ಇರುವುದು ಸೈಪ್ರೊಹೆಪ್ಟಡಿನ್ ಎಂಬ ಅಲರ್ಜಿ ಔಷಧಿ. ಮಂಪರು ತರುತ್ತದೆ, ಬಿಟ್ಟ ಮೇಲೆ ಹಸಿವೂ ಹಿಂದಿನಂತಾಗುತ್ತದೆ. ವೈದ್ಯರು ಬರೆಯದೆ ಕೊಡಬೇಡಿ. ಜಂತುಹುಳದ ಮಾತ್ರೆ ಕೊಡಿಸಿದ್ದೀರಾ? ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. 1–2 ವರ್ಷದವರಿಗೆ 200 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ. 2 ವರ್ಷ ದಾಟಿದವರಿಗೆ 400. ಪುಟ್ಟ ಮಕ್ಕಳಿಗೆ ಪುಡಿ ಮಾಡಿ ನೀರಲ್ಲಿ ಕಲಸಿಯೇ ಕೊಡಬೇಕು.

ಪ್ರಶ್ನೆ: ಒಂದು ತುತ್ತಿಗೆ ಹತ್ತು ನಿಮಿಷ. ಮೊಬೈಲ್ ತೋರಿಸಿ ಒಂದೂವರೆ ಗಂಟೆ ತಿನ್ನಿಸುತ್ತೇನೆ, ಕೊನೆಗೆ ವಾಂತಿ ಮಾಡುತ್ತಾಳೆ.
— ತಾಯಿ, ಹಿರಿಯೂರು

ಉತ್ತರ: ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಎಷ್ಟು ತಿಂದಿದ್ದಾಳೋ ಅಷ್ಟು. ಮುಂದಿನ ಹೊತ್ತಿನವರೆಗೆ, ಅಂದರೆ ಎರಡೂವರೆ–ಮೂರು ಗಂಟೆ, ನೀರು ಬಿಟ್ಟು ಏನೂ ಬೇಡ. ‘ಏನೂ ತಿಂದಿಲ್ಲವಲ್ಲ’ ಎಂದು ಕೈಗೆ ಬಿಸ್ಕತ್ತು ಕೊಟ್ಟರೆ ಈ ಕ್ರಮ ಕೆಟ್ಟಂತೆಯೇ. ಮೊದಲ ಮೂರ್ನಾಲ್ಕು ದಿನ ನಿಮಗೆ ಸಂಕಟವಾಗುತ್ತದೆ, ತಡೆದುಕೊಳ್ಳಿ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು, ಹಸಿದಿದ್ದು ಎರಡೂ ಗೊತ್ತಾಗುವುದಿಲ್ಲ. ಮನೆಯವರ ಜೊತೆ ಕೂರಿಸಿ, ಅವಳದೇ ತಟ್ಟೆ ಕೊಡಿ, ಕೈಯಲ್ಲಿ ಕಲಸಿ ಚೆಲ್ಲಾಡಲಿ. ಹೊಸ ರುಚಿಯನ್ನು ಒಮ್ಮೆ ಉಗುಳಿದಳೆಂದು ಬಿಡಬೇಡಿ. ಎಂಟು ಹತ್ತು ಸಲ ಚಿಟಿಕೆ ಚಿಟಿಕೆ ಮುಂದಿಟ್ಟ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು. ಮೂಗು ಹಿಡಿದು ಬಾಯಿಗೆ ತುರುಕುವುದು ಬೇಡವೇ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಬಳಸುವುದಿಲ್ಲ. ಮಗುವಿಗೆ ಕೊರತೆ ಆಗುತ್ತದಾ?
— ಓದುಗರು, ಹೊನ್ನಾಳಿ

ಉತ್ತರ: ಪ್ರೋಟೀನಿಗೆ ಕೊರತೆಯಾಗದಂತೆ ನೋಡಿಕೊಳ್ಳಬಹುದು. ದಿನಕ್ಕೆ ಎರಡು ಲೋಟ ಹಾಲು–ಮೊಸರು, ಎರಡು ಹೊತ್ತು ಗಟ್ಟಿ ಬೇಳೆ, ಜೊತೆಗೆ ಶೇಂಗಾ ಅಥವಾ ಎಳ್ಳಿನ ಪುಡಿ ಸಾಕು. ಕಷ್ಟವಿರುವುದು ಕಬ್ಬಿಣಾಂಶದಲ್ಲಿ. ಸೊಪ್ಪು, ಕಾಳುಗಳಲ್ಲಿರುವುದು ಮೈಗೆ ಕಡಿಮೆ ಹತ್ತುತ್ತದೆ. ಹುರುಳಿ, ಹೆಸರು, ಅಲಸಂದೆಯನ್ನು ಮೊಳಕೆ ಬರಿಸಿ ಬೇಯಿಸಿ ಅರೆಯಿರಿ. ಊಟಕ್ಕೆ ನಿಂಬೆಹಣ್ಣು ಹಿಂಡಿ, ಇಲ್ಲವೆ ಊಟದ ಬೆನ್ನಿಗೆ ಪೇರಲ ಹಣ್ಣಿನ ತಿರುಳು ಕೊಡಿ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣಾಂಶದ ಸಿರಪ್ ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಸಿಗುತ್ತದೆ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಬೇಡಿ, ಅದು ಸಹಜ.

ಪ್ರಶ್ನೆ: 7 ತಿಂಗಳ ಕೂಸಿನ ಸರಿಗೆ ಎಣ್ಣೆ–ತುಪ್ಪ ಹಾಕಬಹುದೇ? ಜೇನು?
— ಮೊಳಕಾಲ್ಮೂರು

ಉತ್ತರ: ಎಣ್ಣೆ–ತುಪ್ಪ ಹಾಕಿ, ಒಂದು ಹೊತ್ತಿಗೆ ಅರ್ಧದಿಂದ ಒಂದು ಚಿಕ್ಕ ಚಮಚ. ಜೇನು 1 ವರ್ಷ ತುಂಬುವವರೆಗೆ ಬೇಡ. ಉಪ್ಪು, ಸಕ್ಕರೆ, ಬೆಲ್ಲವೂ ಅಲ್ಲಿಯವರೆಗೆ ಬೇಡ. ಸರಿಯ ಹದ ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ನಿಧಾನ ಜಾರಬೇಕು.

ಪ್ರಶ್ನೆ: ಭೇದಿಯಾಗಿ ಮಗು ಅರ್ಧ ಕಿಲೋ ಇಳಿದಿದೆ. ಹೊಟ್ಟೆಗೆ ವಿಶ್ರಾಂತಿ ಬೇಕು, ಎಲ್ಲ ನಿಲ್ಲಿಸಿ ಅಂದಿದ್ದಾರೆ.
— ತಾಯಿ, ಚನ್ನಗಿರಿ

ಉತ್ತರ: ನಿಲ್ಲಿಸಬೇಡಿ. ಭೇದಿಯಲ್ಲೂ ಕರುಳು ಆಹಾರದ ಬಹುಪಾಲನ್ನು ಹೀರಿಕೊಳ್ಳುತ್ತದೆ. ಎದೆಹಾಲು, ಮೊಸರನ್ನ, ಬೇಳೆ ಹಾಕಿದ ಮೆತ್ತನೆಯ ಅನ್ನ, ಬಾಳೆಹಣ್ಣು ಸ್ವಲ್ಪ ಸ್ವಲ್ಪವಾಗಿ ಆರೇಳು ಸಲ ಕೊಡಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆ ಮೀರಿದ್ದನ್ನು ಚೆಲ್ಲಿ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, ಭೇದಿ ನಿಂತರೂ 14 ದಿನ ಪೂರ್ತಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚುವರಿ ಊಟ ಕೊಡಿ. ಮಕ್ಕಳಿಗೆ ಆಗ ಹಸಿವು ಚೆನ್ನಾಗಿರುತ್ತದೆ, ಕಳೆದುಕೊಂಡ ತೂಕ ಮರಳುವುದು ಆ ದಿನಗಳಲ್ಲೇ. ಕಣ್ಣು ಒಳಸೇರಿದರೆ, ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಯಾವಾಗ ಮನೆಮದ್ದು ಸಾಕು ಎಂದು ವೈದ್ಯರ ಹತ್ತಿರ ಹೋಗಬೇಕು? ಅಂಗನವಾಡಿ ಟೇಪಿನಲ್ಲಿ ತೋಳು ಅಳೆದರು, ಹಳದಿ ಬಂತು.
— ಭರಮಸಾಗರ

ಉತ್ತರ: 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಹಳದಿಗೆ ಮೇಲೆ ಹೇಳಿದ ಗಟ್ಟಿ ಊಟವನ್ನು ಇಂದೇ ಆರಂಭಿಸಿ, ಒಮ್ಮೆ ವೈದ್ಯರಿಗೂ ತೋರಿಸಿ, 15 ದಿನಕ್ಕೊಮ್ಮೆ ಅಳೆಸಿ. ಕೆಂಪು ಬಂದರೆ ಅಥವಾ ಎರಡೂ ಪಾದದಲ್ಲಿ ಒತ್ತಿದರೆ ಗುಳಿ ಬೀಳುವ ಊತವಿದ್ದರೆ ಮನೆಯಲ್ಲಿ ಹೆಚ್ಚು ಹೆಚ್ಚು ತಿನ್ನಿಸಲು ಹೋಗಬೇಡಿ. ಬಹಳ ಸೊರಗಿದ ಮೈಗೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಿರಿ. ಅಲ್ಲಿ ತಾಯಿಯ ಜೊತೆ ಮಗುವನ್ನು ಇರಿಸಿಕೊಂಡು ಅಳೆದು ಅಳೆದು ಊಟ ಏರಿಸುತ್ತಾರೆ.

ಚೆನ್ನಾಗಿ ತಿಂದರೂ ಎರಡು ತಿಂಗಳು ತೂಕ ಏರದಿದ್ದರೆ, ಎರಡು ವಾರ ಮೀರಿದ ಜ್ವರ ಅಥವಾ ಕೆಮ್ಮಿದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ, ಹಾಲು ಕುಡಿಯುವಾಗ ಏದುಸಿರು–ಬೆವರು ಬಂದರೆ, ಮಲ ಎಣ್ಣೆಎಣ್ಣೆಯಾಗಿ ದುರ್ವಾಸನೆ ಹೊಡೆದರೆ ಕಾರಣ ಊಟದಲ್ಲಿಲ್ಲ, ಬೇರೆಡೆ ಇದೆ. ಕ್ಷಯ, ಮೂತ್ರದ ಸೋಂಕು, ಥೈರಾಯ್ಡ್, ಹೃದಯದ ತೊಂದರೆ, ಗೋಧಿ ಒಗ್ಗದಿರುವುದು ಇವನ್ನೆಲ್ಲ ವೈದ್ಯರು ಪರೀಕ್ಷಿಸಬೇಕು.

ಅಂಗನವಾಡಿಯಿಂದ 3 ವರ್ಷದೊಳಗಿನ ಮಗುವಿಗೆಂದು ಮನೆಗೆ ಬರುವ ಪುಷ್ಟಿ ಪೊಟ್ಟಣ ಆ ಮಗುವಿನದೇ. ಅದರಲ್ಲಿ ಇಡೀ ಮನೆಗೆ ಉಂಡೆ ಕಟ್ಟಿದರೆ ಮಗುವಿನ ಪಾಲಿಗೆ ದಿನಕ್ಕೆ ಒಂದು ಚಮಚವೂ ಉಳಿಯುವುದಿಲ್ಲ. ಬೇರೆ ಡಬ್ಬಿಗೆ ತುಂಬಿ, ಮಗುವಿನ ಹೆಸರು ಬರೆದಿಡಿ.